ಪಹಣಿಯ 2.15 ಎಂದರೆ ಎಷ್ಟು ಹೆಕ್ಟೇರ್?

ಪ್ರಶ್ನೆ: ನಾವು ಹೊಸನಗರ ಕಡೆಯ ಅಡಿಕೆ ಬೆಳೆಗಾರರು. ಪಹಣಿಯಲ್ಲಿ ನಮ್ಮ ತೋಟ 2.15 ಎಂದಿದೆ. ಬೆಳೆ ವಿಮೆಗೆ ಹೆಕ್ಟೇರ್ ಲೆಕ್ಕ ಕೇಳಿದರು. ಮೊಬೈಲಿನಲ್ಲಿ 2.15 ಎಕರೆ ಎಂದು ಹಾಕಿದರೆ 0.87 ಹೆಕ್ಟೇರ್ ತೋರಿಸುತ್ತದೆ, ನಮ್ಮಣ್ಣ 0.96 ಅಂತಾನೆ. ಯಾರದ್ದು ಸರಿ? ಎಕರೆ-ಗುಂಟೆ ಬಿಟ್ಟು ಎಲ್ಲವನ್ನೂ ಹೆಕ್ಟೇರಿಗೇ ತಂದರೆ ಈ ರಗಳೆ ತಪ್ಪುವುದಿಲ್ಲವೇ?

ಉತ್ತರ: ನಿಮ್ಮಣ್ಣನದ್ದೇ ಸರಿ. ಮೊಬೈಲು ಲೆಕ್ಕ ತಪ್ಪಿಲ್ಲ, ಅದಕ್ಕೆ ಕೊಟ್ಟ ಅಂಕಿ ತಪ್ಪಿದೆ. ಪಹಣಿಯಲ್ಲಿರುವ ಚುಕ್ಕಿ ಎಕರೆಯನ್ನೂ ಗುಂಟೆಯನ್ನೂ ಬೇರೆ ಮಾಡಲು ಇಟ್ಟದ್ದು, ಅದಕ್ಕೂ ದಶಮಾಂಶಕ್ಕೂ ಸಂಬಂಧವಿಲ್ಲ. ಗುಂಟೆಯ ಮುಂದೆ ಇನ್ನೊಂದು ಚುಕ್ಕಿ ಇದ್ದರೆ ಅಲ್ಲಿರುವುದು ಆಣೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಹಾಗಾಗಿ ನಿಮ್ಮ 2 ಎಕರೆ 15 ಗುಂಟೆ ಎಂದರೆ 95 ಗುಂಟೆ, ಎಕರೆಯಲ್ಲಿ ಹೇಳುವುದಾದರೆ 2.375. ಅದನ್ನೇ 2.15 ಎಕರೆ ಎಂದು ಹಾಕಿದರೆ 2 ಎಕರೆ 6 ಗುಂಟೆ ಆಯಿತು. ಒಂಬತ್ತು ಗುಂಟೆ ಕಾಗದದ ಮೇಲೇ ಮಾಯ! ಒಂಬತ್ತಡಿ ಅಂತರದಲ್ಲಿ ನೆಟ್ಟ ತೋಟವಾದರೆ ಅದು ಸುಮಾರು ನೂರಿಪ್ಪತ್ತು ಮರ. ಅಷ್ಟು ಮರಕ್ಕೆ ವಿಮೆಯೇ ಇಲ್ಲದಂತಾಗುತ್ತದೆ.

ಮೊಬೈಲು ಇಲ್ಲದೆಯೂ ಮಾಡಬಹುದಾದ ಲೆಕ್ಕ ಒಂದಿದೆ. ಒಂದು ಗುಂಟೆ 101.17 ಚದರ ಮೀಟರ್. ಹೆಕ್ಟೇರಿನ ನೂರರಲ್ಲೊಂದು ಭಾಗಕ್ಕೆ ‘ಆರ್’ ಎನ್ನುತ್ತಾರೆ, ಅದು ಸರಿಯಾಗಿ 100 ಚದರ ಮೀಟರ್. ಎರಡೂ ಹೆಚ್ಚುಕಮ್ಮಿ ಒಂದೇ. ಆದ್ದರಿಂದ ಎಕರೆಯನ್ನೆಲ್ಲ ಗುಂಟೆ ಮಾಡಿಕೊಳ್ಳಿ, ಬಂದದ್ದನ್ನು ನೂರರಿಂದ ಭಾಗಿಸಿ. 95 ಗುಂಟೆ, 0.95 ಹೆಕ್ಟೇರ್. ಇದಕ್ಕೆ ನೂರಕ್ಕೆ ಒಂದು, ಒಂದೂಕಾಲರಷ್ಟು ಸೇರಿಸಿದರೆ 0.96. ಅರ್ಜಿ ತುಂಬಲು ಇಷ್ಟು ನಿಖರತೆ ಸಾಕು.

ಈ ಹೊಂದಾಣಿಕೆ ಬರೀ ಆಕಸ್ಮಿಕ. ಗುಂಟೆ ಬಂದದ್ದು ಸರ್ವೆ ಸರಪಳಿಯಿಂದ. 1620ರ ಸುಮಾರಿಗೆ ಎಡ್ಮಂಡ್ ಗುಂಟರ್ ಎಂಬ ಇಂಗ್ಲಿಷ್ ಗಣಿತಜ್ಞ 66 ಅಡಿಯ ಸರಪಳಿ ರೂಪಿಸಿದ. ಹತ್ತು ಚದರ ಸರಪಳಿಗೆ ಒಂದು ಎಕರೆ, 43,560 ಚದರಡಿ. ಮುಂಬೈ ಪ್ರಾಂತ್ಯದ ಸರ್ವೆಯವರು ಹಿಡಿದದ್ದು ಅದರ ಅರ್ಧ, 33 ಅಡಿ. ಮೈಸೂರು ಸಂಸ್ಥಾನ 1860ರ ದಶಕದಲ್ಲಿ ಆ ಪದ್ಧತಿಯನ್ನೇ ತಂದುಕೊಂಡಿತು. 33 ಅಡಿ ಉದ್ದ, 33 ಅಡಿ ಅಗಲ: 1,089 ಚದರಡಿಯ ಗುಂಟೆ. ‘ನಮ್ಮ ಹಳೇ ಲೆಕ್ಕ’ ಎಂದು ನಾವು ಎದೆ ತಟ್ಟಿಕೊಳ್ಳುವ ಎಕರೆಯೂ ಹೊರಗಿನಿಂದ ಬಂದದ್ದೇ, ಹೆಕ್ಟೇರಿಗಿಂತ ಸ್ವಲ್ಪ ಮುಂಚೆ ಬಂತು, ಅಷ್ಟೆ.

ಅದಕ್ಕೂ ಹಿಂದಿನ ಮಲೆನಾಡಿನ ಅಳತೆಗೆ ದಾರ, ಕೋಲಿಗಿಂತ ಬೀಜವೇ ಮುಖ್ಯ. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಮಾಡಿದ ‘ಶಿಸ್ತು’ ಎಂಬ ಕಂದಾಯದ ಏರ್ಪಾಡು ಗದ್ದೆಯನ್ನು ನೋಡಿದ್ದು ಮಣ್ಣಿನ ದರ್ಜೆ ಮತ್ತು ಎಷ್ಟು ಖಂಡುಗ ಬಿತ್ತನೆ ಎಂಬುದರ ಮೇಲೆ. ಒಂದು ಖಂಡುಗ ಬಿತ್ತುವ ಗದ್ದೆ ಎಲ್ಲ ಊರಲ್ಲೂ ಒಂದೇ ಅಗಲ ಇರುವುದಿಲ್ಲ. ಆದರೆ ಕಂದಾಯ ಕಟ್ಟುವವನಿಗೂ ಕಟ್ಟಿಸಿಕೊಳ್ಳುವವನಿಗೂ ಬೇಕಾದದ್ದು ಎಷ್ಟು ಬೆಳೆಯುತ್ತದೆ ಎಂಬ ಲೆಕ್ಕವೇ ತಾನೆ. ಆ ಕೆಲಸಕ್ಕೆ ಅದು ಒಳ್ಳೆಯ ಅಳತೆ. ಮಾರಾಟಕ್ಕೆ, ಸಾಲಕ್ಕೆ, ವಿಮೆಗೆ ಒಗ್ಗುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಸೇರು, ತೊಲ, ಮಣಗಳಿಗೆ 1956ರ ಕಾಯ್ದೆ ಬಂದು, ಅರವತ್ತರ ದಶಕದ ಹೊತ್ತಿಗೆ ಅಂಗಡಿಗಳಲ್ಲಿ ಕಿಲೋ, ಲೀಟರ್ ನೆಲೆಯಾದವು. ಶಿವಮೊಗ್ಗದ ಮಂಡಿಯಲ್ಲಿ ರಾಶಿ ಅಡಿಕೆಯ ದರ ಕ್ವಿಂಟಾಲಿಗೆ ಎಷ್ಟೆಂದು ಕೇಳುವವರೇ ಹೊರತು ಮಣದ ನೆನಪು ಯಾರಿಗೂ ಇಲ್ಲ. ಮಹಾರಾಷ್ಟ್ರದಲ್ಲಿ ಜಮೀನಿನ ಸಾತ್‌ಬಾರಾ ಉತಾರೆಯೂ (ನಮ್ಮ ಪಹಣಿಯಂಥದ್ದು) ಹೆಕ್ಟೇರ್-ಆರ್‌ಗೆ ಬಂದಿದೆ. ಅಲ್ಲಿ ಹೆಕ್ಟೇರಿಗೆ ನೂರು ಆರ್ ಆದ್ದರಿಂದ 1.05 ಎಂಬ ಚುಕ್ಕಿ ದಶಮಾಂಶವೂ ಹೌದು, ವಿಭಾಗದ ಗುರುತೂ ಹೌದು. ನಿಮ್ಮ ರಗಳೆ ಅಲ್ಲಿ ಹುಟ್ಟುವುದೇ ಇಲ್ಲ.

ಮೆಟ್ರಿಕ್‌ನ ನಿಜವಾದ ಸುಖ ನಮ್ಮಲ್ಲೂ ಇದೆ, ಆಷಾಢದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ನೋಡಿ. ಶೇಕಡಾ ಒಂದರ ಬೋರ್ಡೋ ದ್ರಾವಣ ಎಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇನ್ನೂರು ಲೀಟರಿನ ಡ್ರಮ್ಮಿಗೆ ಎರಡೆರಡು ಕಿಲೋ. ಲೀಟರ್ ನೀರು ತೂಗುವುದು ಒಂದು ಕಿಲೋ, ಹಾಗಾಗಿ ಲೆಕ್ಕ ಮಾಡುವ ಕಷ್ಟವೇ ಇಲ್ಲ. ಹಳೆಯ ಪುಸ್ತಕಗಳ ಸೂತ್ರ 5:5:50, ಅಂದರೆ ಐದು ಪೌಂಡ್ ತುತ್ತ, ಐದು ಪೌಂಡ್ ಸುಣ್ಣ, 50 ಗ್ಯಾಲನ್ ನೀರು. ಬ್ರಿಟಿಷ್ ಗ್ಯಾಲನ್ ನೀರು ಹತ್ತು ಪೌಂಡ್ ತೂಗುತ್ತದೆ, ಆದ್ದರಿಂದ ಅದೂ ಶೇಕಡಾ ಒಂದೇ. ಆದರೆ ಗ್ಯಾಲನ್ನಿನ ತೂಕ ಗೊತ್ತಿಲ್ಲದವನಿಗೆ ಸೂತ್ರ ನೋಡಿ ಅದು ತಿಳಿಯುವ ಹಾಗಿಲ್ಲ.

ಹಾಗೆಂದು ನಾಳೆಯಿಂದ ಹೆಕ್ಟೇರಿನಲ್ಲೇ ಮಾತಾಡಿ ಎಂದು ನಾನು ಹೇಳುವುದಿಲ್ಲ. ಗುಂಟೆಗೆ ಹದಿಮೂರು ಮರ ಎಂದು ಕಣ್ಣಳತೆಯಲ್ಲೇ ಹೇಳುವವರ ಮುಂದೆ ಹೆಕ್ಟೇರಿಗೆ 1,371 ಗಿಡ ಎಂಬ ಇಲಾಖೆಯ ಲೆಕ್ಕ (2.7 ಮೀಟರ್ ಅಂತರದ್ದು) ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. ತೋಟದಲ್ಲಿ ಗುಂಟೆ ಇರಲಿ, ಅರ್ಜಿಯಲ್ಲಿ ಹೆಕ್ಟೇರ್ ಬರಲಿ. ನಡುವೆ ಗುಂಟೆಯನ್ನು ನೂರರಿಂದ ಭಾಗಿಸುವ ಒಂದು ಹೆಜ್ಜೆ ಮರೆಯಬೇಡಿ.

ಅರ್ಜಿ ಕೊಡುವ ಮುಂಚೆ ಪಹಣಿಯಲ್ಲಿ ಖರಾಬು ಎಷ್ಟಿದೆ ಎಂದೂ ನೋಡಿಕೊಳ್ಳಿ. ಹಳ್ಳ, ದಾರಿ, ಬಂಡೆಯ ಜಾಗ ಒಟ್ಟು ವಿಸ್ತೀರ್ಣದಲ್ಲಿ ಸೇರಿರುತ್ತದೆ, ಬೆಳೆಯ ಲೆಕ್ಕಕ್ಕೆ ಬರುವುದಿಲ್ಲ.

ವಿಮೆಯ ರಸೀದಿ ಬಂದ ಮೇಲೆ ಅದೇ ತಪ್ಪು ಹಿಮ್ಮುಖವಾಗಿಯೂ ಆಗುತ್ತದೆ. 0.60 ಹೆಕ್ಟೇರ್ ಎಂದಿದ್ದರೆ ಮೊಬೈಲು 1.48 ಎಕರೆ ಎನ್ನುತ್ತದೆ. ಅದನ್ನು 1 ಎಕರೆ 48 ಗುಂಟೆ ಎಂದು ಓದಬೇಡಿ. ಎಕರೆಯ ಜೊತೆ ಬರೆಯುವಾಗ 40 ದಾಟಿದ ಗುಂಟೆಯೇ ಇಲ್ಲ. 60 ಆರ್‌ನಿಂದ ನೂರಕ್ಕೆ ಒಂದರಷ್ಟು ಕಳೆಯಿರಿ, ಸುಮಾರು 59 ಗುಂಟೆ, ಅಂದರೆ 1 ಎಕರೆ 19 ಗುಂಟೆ.