ಇದ್ದಿಲಿನಲ್ಲಿ ಬಿಡಿಸಿದ ಅವ್ವ ಗಂಡಸಿನ ಹಾಗೆ ಯಾಕೆ ಕಾಣುತ್ತಾಳೆ?

ಪ್ರಶ್ನೆ: ನಮ್ಮ ಅವ್ವನ ಮುಖ ಇದ್ದಿಲಿನ್ಯಾಗ ಬಿಡಿಸೀನ್ರಿ. ನೋಡಿದವರೆಲ್ಲಾ ‘ನಿಮ್ಮ ಕಾಕಾ ಏನು?’ ಅಂತ ಕೇಳ್ತಾರ. ಎಲ್ಲಿ ತಪ್ಪೇತಿ?
– ಗದಗದ ಓದುಗರು

ಉತ್ತರ: ಮೊದಲು ಮೂಗಿನ ಕೆಳಗೆ ನೋಡಿರಿ. ಮೇಲ್ತುಟಿಯ ಮೇಲೆ ಬಿದ್ದ ನೆರಳನ್ನು ಒತ್ತಿ ತೀಡಿದರೆ ಅದು ಮೀಸೆಯೇ ಆಗುತ್ತದೆ. ಮೂಗಿನಿಂದ ಬಾಯಿಯ ಅಂಚಿಗಿಳಿಯುವ ಮಡಿಕೆಯನ್ನು ಗೆರೆಯಾಗಿ ಎಳೆದರೂ, ಕಿವಿಯಿಂದ ಗದ್ದದವರೆಗೆ ಒಂದೇ ದಪ್ಪದ ಗೆರೆ ಕೊಟ್ಟರೂ ಮುಖ ಬಿರುಸಾಗುತ್ತದೆ. ಇದ್ದಿಲ ಪುಡಿಯನ್ನು ಅಂಟಿನೊಡನೆ ಒತ್ತಿ ಮಾಡಿದ ಗಟ್ಟಿ ಕಡ್ಡಿ, ಕಂಪ್ರೆಸ್ಡ್ ಚಾರ್ಕೋಲ್, ಕೊನೆಗಿರಲಿ. ವಿಲೋ ಮರದ ರೆಂಬೆ ಸುಟ್ಟು ಮಾಡಿದ ಮೆತ್ತನೆಯ ಇದ್ದಿಲ ಕಡ್ಡಿಯನ್ನು ಅಡ್ಡ ಹಿಡಿದು ನೆರಳನ್ನು ತೆಳ್ಳಗೆ ಸವರಿ, ಹಿಟ್ಟಿನ ಹಾಗೆ ನಾದುವ ರಬ್ಬರನ್ನು ಒತ್ತಿ ಒತ್ತಿ ಪುಡಿ ಎತ್ತಿ, ಬೆಳಕು ಬಿದ್ದ ಜಾಗ ಮೂಡಿಸಿರಿ. ವಿಲೋ ಪುಡಿ ಕಾಗದಕ್ಕೆ ಸಡಿಲವಾಗಿ ಕೂತಿರುತ್ತದೆ, ತಿದ್ದುವುದು ಸುಲಭ.

ಹಾಗಂತ ಹೆಣ್ಣಿನ ಮುಖ ಮೆತ್ತಗಿರಬೇಕೆಂದು ಎಲ್ಲವನ್ನೂ ಬೆರಳಿನಿಂದ ಉಜ್ಜಿಬಿಡಬೇಡಿ. ದವಡೆ, ಹುಬ್ಬಿನ ಎಲುಬುಗಳಲ್ಲಿ ಗಂಡು ಹೆಣ್ಣಿಗೆ ಸರಾಸರಿ ವ್ಯತ್ಯಾಸ ಇರುವುದು ನಿಜ, ಆದರೆ ಅಗಲ ದವಡೆಯ ಹೆಣ್ಣುಮಕ್ಕಳು ಯಾವ ಓಣಿಯಲ್ಲಿಲ್ಲ? ಅವ್ವನ ಗಲ್ಲದ ಎಲುಬು ಎದ್ದಿದ್ದರೆ ಚಿತ್ರದಲ್ಲೂ ಏಳಲಿ. ಜರ್ಮನಿಯ ಚಿತ್ರಕಲಾವಿದೆ ಕೇಥೆ ಕೊಲ್ವಿಟ್ಜ್ 1933ರಲ್ಲಿ ಇದ್ದಿಲಿನಿಂದಲೇ ತನ್ನನ್ನು ಬಿಡಿಸಿಕೊಂಡರು. ಮುಖ ನಿಧಾನವಾಗಿ ರೂಪುಗೊಂಡಿದೆ, ಚಿತ್ರ ಬರೆಯುತ್ತಿರುವ ತೋಳು ಮಾತ್ರ ಬರೀ ಅಂಕುಡೊಂಕು ಗೀಟು. ಚೆಲುವು ತೋರಿಸುವ ಆತುರ ಅದರಲ್ಲಿಲ್ಲ.

ನನಗೆ ನಿಜಕ್ಕೂ ಬೇಸರ ತರುವುದು ಬೇರೆ: ಹೆಣ್ಣುಮಕ್ಕಳ ಮುಖವನ್ನು ಕಾಗದದಷ್ಟೇ ಬೆಳ್ಳಗೆ ಬಿಡುವ ರೂಢಿ. ಬಿಸಿಲಿಗೆ ಕಂದಿದ ಮುಖವನ್ನು ಹಾಗೆ ಬಿಟ್ಟರೆ ಅದು ಯಾರ ಅವ್ವನೂ ಆಗುವುದಿಲ್ಲ. ಮೊದಲೇ ಕಾಗದಕ್ಕೆಲ್ಲ ಇದ್ದಿಲಿನಿಂದಲೇ ನಡುಬೂದು ಬಣ್ಣ ಸವರಿಕೊಳ್ಳಿ. ಇಳಕಲ್ ಸೀರೆಯ ಸೆರಗು ತಲೆಯ ಮೇಲಿದ್ದರೆ ಅದರ ನೆರಳು ಹಣೆಗೆ ಬೀಳುತ್ತದೆ, ಅದನ್ನು ಬಿಡಬೇಡಿ. ಕುಂಕುಮ ಎದ್ದು ಕಾಣುವುದು ಕೆಂಪಿನಿಂದ. ಇದ್ದಿಲಿನಲ್ಲಿ ಕೆಂಪಿಲ್ಲ, ಅದು ಹಣೆಯ ಬೂದು ಬಣ್ಣದಲ್ಲೇ ಕರಗಿಹೋಗುತ್ತದೆ, ಹಾಗಾಗಿ ಕಣ್ಣಿಗೆ ಕಂಡದ್ದಕ್ಕಿಂತ ತುಸು ಗಾಢ ಮಾಡಬೇಕು. ಮೂಗುತಿಗೆ ರಬ್ಬರಿನ ಮೊನೆಯಿಂದ ಒಂದು ಚುಕ್ಕೆ ಸಾಕು.

ಜೋಗತಿಯರೋ ಬೇರೆ ಲಿಂಗತ್ವ ಅಲ್ಪಸಂಖ್ಯಾತರೋ ಚಿತ್ರಕ್ಕೆ ಕೂತಾಗಲೂ ಇದೇ ಪ್ರಶ್ನೆ ಬರುತ್ತದೆ, ಇನ್ನೂ ಸೂಕ್ಷ್ಮವಾಗಿ. ತಾನು ಗಂಡೋ, ಹೆಣ್ಣೋ, ಮೂರನೆಯವರೋ ಎಂದು ಹೇಳಿಕೊಳ್ಳುವ ಹಕ್ಕು ಅವರದೇ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಗದ್ದದ ನೆರಳನ್ನು ಬೇಕಂತಲೇ ಒತ್ತಿ ‘ಗುರುತು’ ತೋರಿಸುವುದು ಅವಮಾನ. ಕೇಳದೆ ಅಳಿಸಿ ನಯ ಮಾಡುವುದೂ ಸರಿಯಲ್ಲ. ಯಾವ ಸೀರೆ, ಯಾವ ಕಡೆಯ ಬೆಳಕು, ಮುಖ ಎತ್ತ ತಿರುಗಿರಬೇಕು ಎಂದು ಕಡ್ಡಿ ಹಿಡಿಯುವ ಮೊದಲೇ ಅವರನ್ನು ಕೇಳಿಕೊಳ್ಳಿ. ಅವ್ವನನ್ನೂ ಕೇಳಿರಿ.