ಸ್ಪ್ಯಾನಿಷ್‌ನಲ್ಲಿ ‘ಮಾತ್ರ’ ಅನ್ನಲು ಯಾವ ಪದ?

ಪ್ರಶ್ನೆ: ನಾಲ್ಕು ತಿಂಗಳಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ‘ಶನಿವಾರ ಮಾತ್ರ ಕೆಲಸ ಮಾಡುತ್ತೇನೆ’ ಅನ್ನಲು ‘ತ್ರಬಾಹೊ ಸೋಲಾ ಲೊಸ್ ಸಾಬಾದೊಸ್’ ಅಂತ ಬರೆದೆ. ನಾನು ಹೆಣ್ಣಲ್ವಾ, ಅದಕ್ಕೇ ಸೋಲಾ. ಟೀಚರ್ ‘ಒಬ್ಬರೇ ಕೆಲಸ ಮಾಡ್ತೀರಾ?’ ಅಂತ ಕೇಳಿದರು. ಸೋಲೊ, ಸೋಲಾಮೆಂತೆ, ಊನಿಕೊ, ಇವುಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ: ನಿಮ್ಮ ತಪ್ಪು ಒಂದೇ ಅಕ್ಷರದ್ದು, ಆದರೆ ಅರ್ಥ ಪೂರ್ತಿ ಬದಲಾಯಿತು. ಕನ್ನಡವನ್ನೇ ನೋಡಿ. ‘ಒಬ್ಬನೇ, ಒಬ್ಬಳೇ’ ಅಂತ ಗಂಡು ಹೆಣ್ಣಿಗೆ ತಕ್ಕಂತೆ ರೂಪ ಬದಲಾಗುತ್ತದೆ, ‘ಮಾತ್ರ’ ಮಾತ್ರ ಯಾರು ಹೇಳಿದರೂ ಹಾಗೇ ಇರುತ್ತದೆ. ಸ್ಪ್ಯಾನಿಷ್‌ನಲ್ಲೂ ಹಾಗೇ. ಜೊತೆಗೆ ಯಾರೂ ಇಲ್ಲ ಅನ್ನುವ ಸೋಲೊ ಹೆಣ್ಣಿಗೆ ಸೋಲಾ ಆಗುತ್ತದೆ. ‘ಮಾತ್ರ’ ಅನ್ನುವ ಸೋಲೊ ಎಂದೂ ಬದಲಾಗುವುದಿಲ್ಲ. ನೀವು ಬರೆಯಬೇಕಿದ್ದದ್ದು ‘ಸೋಲೊ ತ್ರಬಾಹೊ ಲೊಸ್ ಸಾಬಾದೊಸ್’.

ಆದರೆ ಕನ್ನಡದಲ್ಲೇ ಒಂದು ಗುಂಡಿ ಇದೆ, ಹುಷಾರು. ‘ನಾನೊಬ್ಬಳೇ ಬಂದೆ’ ಅಂದರೆ ಜೊತೆಯಿಲ್ಲದೆ ಬಂದೆ ಅಂತಲೂ ಆಗುತ್ತದೆ, ಉಳಿದವರು ಯಾರೂ ಬರಲಿಲ್ಲ ಅಂತಲೂ ಆಗುತ್ತದೆ. ಸ್ಪ್ಯಾನಿಷ್‌ನಲ್ಲಿ ಇವು ಬೇರೆ ಬೇರೆ. ಮೊದಲನೆಯದು ‘ವೀನೆ ಸೋಲಾ’, ಎರಡನೆಯದು ‘ಸೋಲೊ ವೀನೆ ಯೊ’. ಹಾಗಾಗಿ ಬಾಯಿ ತೆರೆಯುವ ಮುಂಚೆ, ಜೊತೆ ಇರಲಿಲ್ಲ ಅನ್ನುತ್ತಿದ್ದೀನಾ, ಉಳಿದವರನ್ನು ಹೊರಗಿಡುತ್ತಿದ್ದೀನಾ ಅಂತ ಕೇಳಿಕೊಳ್ಳಿ.

ಜಾಗವೂ ಮುಖ್ಯ. ನಮ್ಮ ‘ಮಾತ್ರ’ ತಾನು ಮಿತಿ ಹಾಕುವ ಪದ ಆದಮೇಲೆ ಬರುತ್ತದೆ, ಸೋಲೊ ಸಾಮಾನ್ಯವಾಗಿ ಆ ಪದಕ್ಕಿಂತ ಮೊದಲು ಬರುತ್ತದೆ. ‘ಸೋಲೊ ಆನಾ ಕೋಮೆ ಅರ್ರೋಸ್’ ಅಂದರೆ ಆನಾ ಮಾತ್ರ ಅನ್ನ ತಿನ್ನುತ್ತಾಳೆ, ಬೇರೆಯವರು ತಿನ್ನಲ್ಲ. ‘ಆನಾ ಸೋಲೊ ಕೋಮೆ ಅರ್ರೋಸ್’ ಅಂದರೆ ಅವಳು ಅನ್ನ ಮಾತ್ರ ತಿನ್ನುತ್ತಾಳೆ. ಅಂಗಡಿಯಲ್ಲಿ ‘ಸೋಲೊ ಎಫೆಕ್ತೀವೊ’ ಅಂತ ಬೋರ್ಡ್ ಕಂಡರೆ ನಗದು ಮಾತ್ರ, ಕಾರ್ಡ್ ಇಲ್ಲ.

ನಿಮ್ಮ ಮೂಲ ವಾಕ್ಯವನ್ನು ಒಬ್ಬ ಗಂಡಸು ‘ತ್ರಬಾಹೊ ಸೋಲೊ ಲೊಸ್ ಸಾಬಾದೊಸ್’ ಅಂತ ಬರೆದರೆ ಎರಡೂ ಅರ್ಥ ಬರುತ್ತದೆ. ಇಂಥ ಗೊಂದಲ ತಪ್ಪಿಸಲು ‘ಮಾತ್ರ’ದ ಸೋಲೊ ಮೇಲೆ ಒಂದು ಗೀಟು ಹಾಕುವ ರೂಢಿ ಇತ್ತು. 2010ರಲ್ಲಿ ಸ್ಪೇನಿನ ರಾಯಲ್ ಅಕಾಡೆಮಿ ಆ ಗೀಟನ್ನು ಬಿಡಬಹುದು ಅಂದಿತು, ಬರಹಗಾರರು ವರ್ಷಗಟ್ಟಲೆ ಜಗಳವಾಡಿದರು, ಕೊನೆಗೆ 2023ರಲ್ಲಿ ಅಕಾಡೆಮಿ ನಿಯಮದ ಮಾತನ್ನು ತಿದ್ದಿ, ಗೊಂದಲವಾಗುತ್ತದೆ ಅಂತ ಬರೆಯುವವರಿಗೆ ಅನ್ನಿಸಿದರೆ ಹಾಕಬಹುದು ಅಂತ ಸ್ಪಷ್ಟಪಡಿಸಿತು. ನನ್ನ ಸಲಹೆ ಕೇಳಿದರೆ, ಗೀಟಿನ ಬದಲು ‘ಸೋಲಾಮೆಂತೆ’ ಬಳಸಿ. ಅರ್ಥ ಅದೇ, ಸ್ವಲ್ಪ ಉದ್ದ, ಅಷ್ಟೇ. ‘ಊನಿಕಾಮೆಂತೆ’ ಕೂಡ ಅದೇ ಅರ್ಥದ್ದು, ಬರವಣಿಗೆಯಲ್ಲಿ ಜಾಸ್ತಿ.

ಊನಿಕೊ ಮಾತ್ರ ಬೇರೆ ಜಾತಿ, ಅದು ನಾಮಪದದ ಜೊತೆ ನಿಲ್ಲುವ ಪದ. ‘ಇಹಾ ಊನಿಕಾ’ ಅಂದರೆ ಅಣ್ಣ ತಮ್ಮ ಅಕ್ಕ ತಂಗಿ ಯಾರೂ ಇಲ್ಲದವಳು. ‘ಮಿ ಊನಿಕಾ ಇಹಾ’ ಅಂದರೆ ನನಗಿರುವ ಒಬ್ಬಳೇ ಮಗಳು, ಗಂಡು ಮಕ್ಕಳು ಇರಬಹುದು. ‘ಎಲ್ ಊನಿಕೊ ಲಿಬ್ರೊ’ ಇರುವ ಒಂದೇ ಪುಸ್ತಕ, ‘ಉನ್ ಲಿಬ್ರೊ ಊನಿಕೊ’ ಅಂಥದ್ದು ಇನ್ನೊಂದಿಲ್ಲ ಅನ್ನುವಂಥ ಪುಸ್ತಕ. ಮುಂದೆ ಹಿಂದೆ ಆದರೆ ಅರ್ಥವೇ ಬೇರೆ, ನನಗಂತೂ ಈ ಭಾಷೆಯಲ್ಲಿ ತುಂಬಾ ಇಷ್ಟವಾದ ಸಂಗತಿ ಇದು.

ಇನ್ನೊಂದು ಜೋಡಿ ಕಿವಿಗೆ ಹತ್ತಿರ ಹತ್ತಿರ ಕೇಳಿಸುತ್ತದೆ. ‘ನೊ ತೆಂಗೊ ಮಾಸ್ ಕೆ ದಿಯೆಸ್ ಪೇಸೊಸ್’ ಅಂದರೆ ನನ್ನ ಹತ್ತಿರ ಇರುವುದೇ ಹತ್ತು ಪೇಸೊ. ‘ಕೆ’ ಬದಲು ‘ದೆ’ ಅಂದರೆ ಹತ್ತಕ್ಕಿಂತ ಜಾಸ್ತಿ ಇಲ್ಲ, ಏಳೂ ಇರಬಹುದು.

ಮೆಕ್ಸಿಕೊದವರ ಜೊತೆ ಮಾತಾಡಿದರೆ ‘ನೊಮಾಸ್’ ಕಿವಿಗೆ ಬೀಳುತ್ತಲೇ ಇರುತ್ತದೆ, ‘ನೊಮಾಸ್ ಉನೊ’ ಅಂದರೆ ಒಂದೇ ಸಾಕು. ಆದರೆ ದಕ್ಷಿಣ ಅಮೆರಿಕದ ಹಲವು ಕಡೆ ಬಾಗಿಲಲ್ಲಿ ಯಾರಾದರೂ ‘ಪಾಸೆ ನೊಮಾಸ್’ ಅಂದರೆ ಅದು ಮಿತಿ ಹಾಕುವ ಮಾತಲ್ಲ. ಸಂಕೋಚ ಬೇಡ, ಸುಮ್ನೆ ಒಳಗೆ ಬನ್ನಿ ಅಂತ ಕರೆಯುತ್ತಿದ್ದಾರೆ.