ಆರು ಲಕ್ಷದೊಳಗೆ ಮೈಲೇಜ್ ಜಾಸ್ತಿ ಕೊಡೋ ಸಣ್ಣ ಕಾರು ಯಾವುದು?

ಪ್ರಶ್ನೆ: ಸಿಂಧನೂರಿನಲ್ಲಿ ಮನೆ. ಹತ್ತಿರದ ಹಳ್ಳಿಯ ಶಾಲೆಯಲ್ಲಿ ಮಾಸ್ತರ ಇದ್ದೇನೆ. ಹೋಗಿ ಬರಲು ದಿನಕ್ಕೆ 40 ಕಿಲೋಮೀಟರ್. ನಾವಿಬ್ಬರು, ಒಂದು ಮಗು, ಅಪ್ಪ, ಅವ್ವ. ತಿಂಗಳಿಗೊಮ್ಮೆ ಅವ್ವನನ್ನು ಆಸ್ಪತ್ರೆಗೆ ರಾಯಚೂರಿಗೋ ಬಳ್ಳಾರಿಗೋ ಕರೆದುಕೊಂಡು ಹೋಗಬೇಕು. ಬಜೆಟ್ ಆರು ಲಕ್ಷ. ಒಬ್ಬರು ಸಿಎನ್‌ಜಿ ತಗೋ ಅಂತಾರೆ, ಇನ್ನೊಬ್ಬರು ಹಳೇ ಡೀಸೆಲ್ ಹುಡುಕು ಅಂತಾರೆ. ಯಾವ ಕಾರು ಜಾಸ್ತಿ ಮೈಲೇಜ್ ಕೊಡುತ್ತದೆ ಹೇಳ್ರಿ.

ಉತ್ತರ: ಮಾಸ್ತರೇ, ಇದೇ ಪ್ರಶ್ನೆ ಗಂಗಾವತಿಯಿಂದ ಬರುತ್ತದೆ, ಕುಷ್ಟಗಿಯಿಂದ ಬರುತ್ತದೆ, ಸಿರುಗುಪ್ಪದಿಂದಲೂ ಬರುತ್ತದೆ. ನೀವು ಒಂದು ಒಳ್ಳೆ ಕೆಲಸ ಮಾಡಿದ್ದೀರಿ. ದಿನಕ್ಕೆ ಎಷ್ಟು ಓಡಿಸ್ತೀರಿ ಅಂತ ಬರೆದಿದ್ದೀರಿ. ಬಹಳ ಮಂದಿ ಅದನ್ನೇ ಬರೆಯುವುದಿಲ್ಲ. ಶಾಲೆ, ಆಸ್ಪತ್ರೆ, ನಡುವೆ ಹುಲಿಗಿಗೋ ಮಂತ್ರಾಲಯಕ್ಕೋ ಒಂದು ಸುತ್ತು, ಎಲ್ಲ ಸೇರಿ ತಿಂಗಳಿಗೆ ಸಾವಿರ ಕಿಲೋಮೀಟರ್ ಅಂದುಕೊಳ್ಳೋಣ. ವರ್ಷಕ್ಕೆ 12 ಸಾವಿರ. ಉತ್ತರ ನಿಂತಿರೋದು ಈ ಅಂಕಿಯ ಮೇಲೆ, ಕಂಪನಿ ಹೇಳೋ ಮೈಲೇಜ್ ಮೇಲೆ ಅಲ್ಲ.

ಕಾಗದದ ಮೇಲಿನ ಅಂಕಿಗಳನ್ನು ಮೊದಲು ನೋಡಿಬಿಡೋಣ. ಗೇರ್ ಕಾರುಗಳಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್ ಅಂದರೆ, ಸೆಲೆರಿಯೊ 25.24, ಆಲ್ಟೊ ಕೆ10 24.39, 1 ಲೀಟರ್ ಎಂಜಿನ್ನಿನ ವ್ಯಾಗನ್‌ಆರ್ 24.35, 2024ರಲ್ಲಿ ಬಂದ ಹೊಸ ಸ್ವಿಫ್ಟ್ 24.8. ಟಾಟಾ ಟಿಯಾಗೊ 20ರ ಆಸುಪಾಸು. ಇವು ವಾಹನಗಳನ್ನು ಪರೀಕ್ಷೆ ಮಾಡೋ ಎಆರ್‌ಎಐ ಸಂಸ್ಥೆಯ ಅಂಕಿಗಳು. ಅಂದರೆ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಎಸಿ ಬಂದ್ ಮಾಡಿ, ಗೊತ್ತುಪಡಿಸಿದ ವೇಗದಲ್ಲಿ ಓಡಿಸಿ ಅಳೆದದ್ದು. ಆ ಪರೀಕ್ಷೆಯಲ್ಲಿ ವೇಗ 90 ದಾಟುವುದಿಲ್ಲ, ಸರಾಸರಿ ಲೆಕ್ಕ ಹಾಕಿದರೆ ಮೂವತ್ತರ ಮೇಲೆ ಸ್ವಲ್ಪ, ಅಷ್ಟೇ. ಏಪ್ರಿಲ್ ತಿಂಗಳ ರಾಯಚೂರು ಬಿಸಿಲು ಆ ಕೋಣೆಯೊಳಗೆ ಬರುವುದಿಲ್ಲ ಅಲ್ವಾ? ನಮ್ಮ ಕಡೆ 40 ಡಿಗ್ರಿ ದಾಟಿದ ಮೇಲೆ ಎಸಿ ಇಲ್ಲದೆ ವಯಸ್ಸಾದವರನ್ನು ಕೂರಿಸಿಕೊಂಡು ಹೋಗುವ ಮಾತೇ ಇಲ್ಲ. ಕಂಪನಿ 24 ಅಂದ ಕಾರು ಎಸಿ ಹಾಕಿ, ಊರೊಳಗೆ ಹೊರಗೆ ಸೇರಿ 18ರಿಂದ 20 ಕೊಟ್ಟರೆ ಅದು ಚೆನ್ನಾಗಿಯೇ ಓಡುತ್ತಿದೆ ಅಂತ ತಿಳಿಯಿರಿ.

ಇದಕ್ಕೆ ಎಥನಾಲ್ ಬೇರೆ ಸೇರಿದೆ. ಈಗ ಬಂಕುಗಳಲ್ಲಿ ಸಿಗೋದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಹಾಗಾಗಿ ಹಿಂದೆ ಇದೇ ಕಾರು 20 ಕೊಡುತ್ತಿತ್ತು, ಈಗ 19 ಆಗಿದೆ ಅಂತ ಯಾರಾದರೂ ಗೊಣಗಿದರೆ ಅವರು ಸುಳ್ಳು ಹೇಳುತ್ತಿಲ್ಲ. ಹೊಸ ಕಾರುಗಳ ರಬ್ಬರ್, ಪೈಪುಗಳು ಈ ಪೆಟ್ರೋಲಿಗೆ ಹೊಂದುವಂತೆಯೇ ಬರುತ್ತವೆ, ಆ ಭಯ ಬೇಡ.

ಈಗ ರೂಪಾಯಿಗೆ ಬರೋಣ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಅಂತ ಹಿಡಿಯಿರಿ. ಸೆಲೆರಿಯೊ ಮತ್ತು ವ್ಯಾಗನ್‌ಆರ್ ನಡುವಿನ ವ್ಯತ್ಯಾಸ ಕಾಗದದ ಪ್ರಕಾರ ಒಂದು ಕಿಲೋಮೀಟರಿಗಿಂತ ಕಡಿಮೆ. ವರ್ಷಕ್ಕೆ 12 ಸಾವಿರ ಓಡಿಸಿದರೆ 17 ಲೀಟರ್ ಚಿಲ್ಲರೆ, ಅಂದರೆ ತಿಂಗಳಿಗೆ 150 ರೂಪಾಯಿ. ಮನೆಮಂದಿ ಎಲ್ಲ ಒಂದು ಸಂಜೆ ಒಗ್ಗರಣೆ-ಮಿರ್ಚಿ ತಿಂದಷ್ಟು. ಇಷ್ಟಕ್ಕಾಗಿ ಅವ್ವನಿಗೆ ಹತ್ತಿ ಇಳಿಯಲು ಕಷ್ಟ ಆಗೋ ಕಾರನ್ನು ಯಾರಾದರೂ ತರುತ್ತಾರಾ? ಆದರೆ ಜನ ತರುತ್ತಾರೆ, ಯಾಕಂದರೆ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇರೋದು ಆ ಒಂದು ಅಂಕಿಯೇ.

ಟಿಯಾಗೊ ಮಾತು ಬೇರೆ. ಅದಕ್ಕೂ ವ್ಯಾಗನ್‌ಆರ್‌ಗೂ ಕಾಗದದ ಮೇಲೆ ನಾಲ್ಕು ಕಿಲೋಮೀಟರ್ ಅಂತರ. ವರ್ಷಕ್ಕೆ ನೂರು ಲೀಟರಿನ ಆಸುಪಾಸು, ತಿಂಗಳಿಗೆ ಸುಮಾರು 900 ರೂಪಾಯಿ. ಇದು ಸಣ್ಣದಲ್ಲ. ಆದರೆ ಬೆಲೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಮೇಲಿನ ಸೆಸ್ ಕೂಡ ಹೋಯಿತು. ಆಗ ಟಿಯಾಗೊದ ಆರಂಭಿಕ ಬೆಲೆ 4.57 ಲಕ್ಷಕ್ಕೆ ಬಂತು, ವ್ಯಾಗನ್‌ಆರ್‌ನದು 4.99 ಲಕ್ಷಕ್ಕೆ. ನಡುವೆ 42 ಸಾವಿರ. ಶೇ 9.5ರ ಬಡ್ಡಿಯಲ್ಲಿ ಐದು ವರ್ಷದ ಸಾಲಕ್ಕೆ ಒಂದು ಲಕ್ಷಕ್ಕೆ ತಿಂಗಳಿಗೆ 2,100 ರೂಪಾಯಿ ಕಂತು ಬೀಳುತ್ತದೆ. 42 ಸಾವಿರಕ್ಕೆ 880. ನೋಡಿದಿರಾ, ಪೆಟ್ರೋಲಿನಲ್ಲಿ ಉಳಿದದ್ದು ಕಂತಿನಲ್ಲಿ ಹೋಯಿತು. ಬೆಲೆ ಆಗಾಗ ಬದಲಾಗುತ್ತದೆ, ನೀವು ಶೋರೂಮಿಗೆ ಹೋದ ದಿನದ ಬೆಲೆ ಹಾಕಿ ಇದೇ ಲೆಕ್ಕ ಮಾಡಿ. ಲಕ್ಷಕ್ಕೆ 2,100, ಇದೊಂದು ನೆನಪಿದ್ದರೆ ಸೇಲ್ಸ್ ಹುಡುಗ ಏನೇ ಹೇಳಲಿ, ನಿಮ್ಮ ತಲೆಯೊಳಗೆ ಲೆಕ್ಕ ಓಡುತ್ತಿರುತ್ತದೆ.

ಇನ್ನು ಆರು ಲಕ್ಷ ಅಂದರೆ ಯಾವ ಆರು ಲಕ್ಷ? ಬೋರ್ಡಿನ ಮೇಲೆ ಬರೆದದ್ದು ಎಕ್ಸ್-ಶೋರೂಂ ಬೆಲೆ. ಕೆಎ-36 ನಂಬರ್ ಬೀಳಬೇಕಾದರೆ ಅದರ ಮೇಲೆ ಜೀವಾವಧಿ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ 5 ಲಕ್ಷದವರೆಗಿನ ಕಾರಿಗೆ ಶೇ 13, 5ರಿಂದ 10 ಲಕ್ಷದವರೆಗೆ ಶೇ 14, ಅದರ ಮೇಲೆ ಸೆಸ್. ಜೊತೆಗೆ ಇನ್ಶೂರೆನ್ಸ್. ಹಾಗಾಗಿ ಕೈಯಲ್ಲಿ ಒಟ್ಟು ಆರು ಲಕ್ಷ ಇದ್ದರೆ ನೀವು ನೋಡಬೇಕಾದದ್ದು 5 ಲಕ್ಷದ ಎಕ್ಸ್-ಶೋರೂಂ ಕಾರು. ಐದೂವರೆ ಲಕ್ಷದ್ದನ್ನು ಇಷ್ಟಪಟ್ಟರೆ ರಸ್ತೆಗೆ ಇಳಿಯುವಾಗ ಆರೂವರೆ ದಾಟಿರುತ್ತದೆ. ಸ್ವಿಫ್ಟ್ ಅಲ್ಲಿಗೇ ಕೈಬಿಟ್ಟು ಹೋಯಿತು.

ಇನ್ಶೂರೆನ್ಸಿನಲ್ಲಿ ಒಂದು ಸಣ್ಣ ಉಳಿತಾಯ ಇದೆ. 2022ರ ಜೂನ್‌ನಲ್ಲಿ ಜಾರಿಯಾದ ದರದ ಪ್ರಕಾರ, ಹೊಸ ಕಾರಿಗೆ ಕಡ್ಡಾಯವಾದ ಮೂರು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 1000 ಸಿಸಿ ಒಳಗಿನ ಎಂಜಿನ್ನಿಗೆ 6,521 ರೂಪಾಯಿ, 1000ದಿಂದ 1500 ಸಿಸಿಗೆ 10,640. ಆಲ್ಟೊ, ಸೆಲೆರಿಯೊ, ವ್ಯಾಗನ್‌ಆರ್‌ನ ಚಿಕ್ಕ ಎಂಜಿನ್ 998 ಸಿಸಿ, ಸುಮ್ನೆ ಅಲ್ಲ!

ಡೀಸೆಲ್ ವಿಷಯ ಬೇಗ ಮುಗಿಸುತ್ತೇನೆ. 2020ರ ಏಪ್ರಿಲ್‌ನಲ್ಲಿ ಹೊಗೆ ಕಡಿಮೆ ಮಾಡೋ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು, ಟಿಯಾಗೊ ಡೀಸೆಲ್ ಕೂಡ ನಿಂತಿತು. ಈಗ ನಿಮಗೆ ಸಿಗೋದರಲ್ಲಿ ಹೆಚ್ಚಿನವು ಅದಕ್ಕೂ ಹಿಂದಿನವು. ಇಂಜೆಕ್ಟರ್, ಟರ್ಬೊ ಕೈಕೊಟ್ಟರೆ ಒಂದೇ ಬಿಲ್ಲಿನಲ್ಲಿ ಎರಡು ವರ್ಷದ ಡೀಸೆಲ್ ಉಳಿತಾಯ ಹೋಗುತ್ತದೆ. ತಿಂಗಳಿಗೆ ಸಾವಿರ ಕಿಲೋಮೀಟರಿಗೆ ಇದು ಬೇಡ. ಗಡಿ ಆಚೆಯ ತೆಲಂಗಾಣ, ಆಂಧ್ರ ನಂಬರಿನ ಕಾರು ಕಡಿಮೆಗೆ ಸಿಗುತ್ತದೆ ಅಂತ ಯಾರಾದರೂ ತೋರಿಸಿದರೆ, ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನೋ ಪತ್ರ ತರಿಸಿ ಇಲ್ಲಿ ಮತ್ತೆ ತೆರಿಗೆ ಕಟ್ಟೋ ಖರ್ಚನ್ನೂ ಸೇರಿಸಿ ನೋಡಿ.

ಸಿಎನ್‌ಜಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕಂಪನಿಯಲ್ಲೇ ಕೂರಿಸಿದ ಸಿಎನ್‌ಜಿ ಕಾರಿಗೆ ಪೆಟ್ರೋಲ್ ಕಾರಿಗಿಂತ 90 ಸಾವಿರದಷ್ಟು ಜಾಸ್ತಿ. ತೆರಿಗೆ ಸೇರಿದರೆ ಒಂದು ಲಕ್ಷ. ಪೆಟ್ರೋಲಿನಲ್ಲಿ 19 ಕೊಡೋ ಕಾರು ಗ್ಯಾಸಿನಲ್ಲಿ ಕೆಜಿಗೆ 26 ಕೊಟ್ಟಿತು, ಕೆಜಿಗೆ 90 ರೂಪಾಯಿ ಅಂದುಕೊಳ್ಳಿ. ಕಿಲೋಮೀಟರಿಗೆ ಹತ್ತಿರ ಹತ್ತಿರ ಎರಡು ರೂಪಾಯಿ ಉಳಿಯಿತು. ಹಾಕಿದ ಲಕ್ಷ ವಾಪಸ್ ಬರಲು 50 ಸಾವಿರ ಕಿಲೋಮೀಟರ್ ಓಡಬೇಕು, ನಿಮ್ಮ ಓಡಾಟಕ್ಕೆ ನಾಲ್ಕು ವರ್ಷ ದಾಟುತ್ತದೆ. ದಿನಾ ಸಿಂಧನೂರಿನಿಂದ ರಾಯಚೂರಿಗೆ ಹೋಗಿ ಬರುವವರಾಗಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ ಅನ್ನುತ್ತಿದ್ದೆ. ನಿಮಗೆ ಹಾಗೆ ಹೇಳಲಾರೆ. 1 ಲೀಟರ್ ಎಂಜಿನ್ನಿನ ಶಕ್ತಿ ಗ್ಯಾಸಿನಲ್ಲಿ 67 ಪಿಎಸ್‌ನಿಂದ 57ರ ಹತ್ತಿರಕ್ಕೆ ಇಳಿಯುತ್ತದೆ, ಐದು ಮಂದಿ ಕೂತು ಎಸಿ ಹಾಕಿದರೆ ಅದು ಕಾಲಿಗೇ ಗೊತ್ತಾಗುತ್ತದೆ. ಡಿಕ್ಕಿಯನ್ನು ಸಿಲಿಂಡರ್ ತಿಂದುಬಿಡುತ್ತದೆ. ಟಿಯಾಗೊದಲ್ಲಿ ಎರಡು ಸಣ್ಣ ಸಿಲಿಂಡರ್ ಕೆಳಗೆ ಕೂರಿಸಿರುವುದರಿಂದ ಬ್ಯಾಗ್ ಇಡಲು ಜಾಗ ಉಳಿಯುತ್ತದೆ, ಅದೊಂದು ಮೇಲು. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಎಲ್ಲಕ್ಕಿಂತ ಮುಖ್ಯ, ನೀವು ದಿನಾ ಹೋಗೋ ದಾರಿಯಲ್ಲಿ ಗ್ಯಾಸ್ ಬಂಕ್ ಎಲ್ಲಿದೆ, ಶಾಲೆ ಬಿಡೋ ಹೊತ್ತಿಗೆ ಅಲ್ಲಿ ಗ್ಯಾಸ್ ಇರುತ್ತದಾ, ಆಟೋಗಳ ಸಾಲು ಎಷ್ಟು ಉದ್ದ ಅಂತ ಒಂದು ವಾರ ಸುಮ್ನೆ ಗಮನಿಸಿ. ಬೆಂಗಳೂರಿನವರ ಮಾತು ಕೇಳಿ ಇದನ್ನು ತೀರ್ಮಾನ ಮಾಡಬೇಡಿ.

ಈಗ ಯಾರೂ ಕೇಳದ, ಆದರೆ ನಮ್ಮ ಕಡೆ ಮೊದಲು ಕೇಳಬೇಕಾದ ವಿಷಯ. ಭತ್ತದ ಸುಗ್ಗಿಯಲ್ಲಿ ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯ ರಸ್ತೆ ಹೇಗಿರುತ್ತದೆ ನಿಮಗೆ ಗೊತ್ತು. ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್, ಎರಡೂ ಕಡೆ ಚಾಚಿದ ಹುಲ್ಲಿನ ಹೊರೆ, ಅರ್ಧ ರಸ್ತೆಗೆ ಹರವಿದ ಕಾಳು, ಅದು ಸರಿಯದಂತೆ ಅಂಚಿಗೆ ಇಟ್ಟ ಕಲ್ಲು. ತೋರಣಗಲ್ಲು, ಸಂಡೂರು ಕಡೆ ಹೋದರೆ ಅದಿರು ಲಾರಿ. ಇಂಥ ದಾರಿಯಲ್ಲಿ ಆಸ್ಪತ್ರೆಯಿಂದ ವಾಪಸ್ ಬರೋವಾಗ ಕತ್ತಲಾಗಿರುತ್ತದೆ. ಹಾಗಾಗಿ ಕಾರಿನ ಗಟ್ಟಿತನ ನೋಡಿ ಅನ್ನುತ್ತೇನೆ. ಕಾರನ್ನು ಗುದ್ದಿಸಿ ಐದು ಸ್ಟಾರಿಗೆ ಅಳೆಯೋ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಟಿಯಾಗೊಗೆ 2020ರಲ್ಲಿ ನಾಲ್ಕು ಸ್ಟಾರ್ ಬಂತು. 2023ರಲ್ಲಿ ಆಲ್ಟೊ ಕೆ10ಗೆ ಎರಡು, ವ್ಯಾಗನ್‌ಆರ್‌ಗೆ ಒಂದು. ನಡುವೆ 2022ರಲ್ಲಿ ಪರೀಕ್ಷೆಯೇ ಬಿಗಿಯಾಯಿತು, ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. 2025ರಲ್ಲಿ ಆಲ್ಟೊ, ಸೆಲೆರಿಯೊ, ವ್ಯಾಗನ್‌ಆರ್ ಮೂರಕ್ಕೂ ಎಲ್ಲ ಮಾದರಿಯಲ್ಲೂ ಆರು ಏರ್‌ಬ್ಯಾಗ್ ಬಂದವು, ಅದು ಒಳ್ಳೆಯದೇ. ಆದರೆ ವ್ಯಾಗನ್‌ಆರ್‌ನ ಬಾಡಿ ಅಸ್ಥಿರ ಅಂತ ಆ ಪರೀಕ್ಷೆ ಹೇಳಿತ್ತು. ಏರ್‌ಬ್ಯಾಗ್ ಎಷ್ಟೇ ಸೇರಿಸಿದರೂ ತಗಡು ತಾನಾಗಿ ಗಟ್ಟಿಯಾಗುವುದಿಲ್ಲ.

ಅಂದರೆ ಟಿಯಾಗೊ ತಗೊಳ್ಳಿ ಅಂತಲಾ? ನನ್ನ ಒಲವು ಅದೇ. ಅದರ 1.2 ಲೀಟರ್ ಎಂಜಿನ್ 86 ಪಿಎಸ್ ಕೊಡುತ್ತದೆ, ಮನೆಮಂದಿ ಎಲ್ಲ ಕೂತರೂ ಎಸಿ ಹಾಕಿಕೊಂಡು ಲಾರಿ ದಾಟಿಸಲು ಉಸಿರು ಇರುತ್ತದೆ. ಕೆಳಗಿನ ಅಂತರ 170 ಮಿಲಿಮೀಟರ್, ಹಳ್ಳಿಯ ಹಂಪ್ಸ್‌ಗೆ ಸಾಲುತ್ತದೆ, ಐದು ಮಂದಿ ಇದ್ದಾಗ ಸ್ವಲ್ಪ ಓರೆಯಾಗಿ ದಾಟಿಸಬೇಕು. ಎರೆ ಮಣ್ಣಿನ ರಸ್ತೆ ಮಳೆಗಾಲದಲ್ಲಿ ಕುಸಿದು ಉಬ್ಬಿ ಏನಾಗುತ್ತದೆ ಅಂತ ನಾನು ಹೇಳಬೇಕಾ? ಆದರೆ ಅವ್ವನಿಗೆ ಮಂಡಿನೋವು ಇದ್ದರೆ ಮಾತು ಬದಲಾಗುತ್ತದೆ. ಟಿಯಾಗೊದ ಸೀಟು ತಗ್ಗು, ಕೂರುವಾಗ ಇಳಿಯಬೇಕು, ಏಳುವಾಗ ಕೈ ಕೊಡಬೇಕು. ವ್ಯಾಗನ್‌ಆರ್ ಎತ್ತರದ ಕಾರು, ಬಾಗಿಲು ದೊಡ್ಡದು, ಕುರ್ಚಿ ಮೇಲೆ ಕೂತಂತೆ ಕೂರಬಹುದು, ಡಿಕ್ಕಿಯೂ 341 ಲೀಟರ್. ನಮ್ಮ ಜಿಲ್ಲೆಗಳಲ್ಲಿ ಅಷ್ಟೊಂದು ವ್ಯಾಗನ್‌ಆರ್ ಓಡಾಡೋದು ಮೈಲೇಜಿಗೆ ಮಾತ್ರ ಅಲ್ಲ, ಅದು ಮನೆಯ ಹಿರಿಯರ ಕಾರು. ಸೆಲೆರಿಯೊ ಗಂಡ ಹೆಂಡತಿ ಇಬ್ಬರೇ ಜಾಸ್ತಿ ಓಡಾಡುವವರಿಗೆ ಚೆನ್ನಾಗಿದೆ. ಆಲ್ಟೊ ಮೊದಲ ಕಾರಿಗೆ, ಇಕ್ಕಟ್ಟು ಓಣಿಗೆ ಸರಿ, ಐದು ಮಂದಿಗೆ ಬೇಡ. ಐ10 ನಿಯೋಸ್‌ಗೆ ಹಿಂದಿನ ಸೀಟಿಗೂ ಎಸಿ ಗಾಳಿ ಬರುವ ಕಿಂಡಿ ಇದೆ, ನಮ್ಮ ಬೇಸಿಗೆಗೆ ಅದು ದೊಡ್ಡ ಸುಖ, ಆದರೆ ನಿಮ್ಮ ಬಜೆಟ್ ದಾಟುತ್ತದೆ.

ಮನೆಗೆ ತಂದ ಮೇಲೆ ಮೈಲೇಜ್ ನಿಮ್ಮ ಕೈಯಲ್ಲಿದೆ. ಟೈರ್ ಗಾಳಿಯ ಪ್ರಮಾಣ ಡ್ರೈವರ್ ಬಾಗಿಲಿನ ಪಕ್ಕದ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ, ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಅಷ್ಟೇ ತುಂಬಿಸಿ. ಸುಗ್ಗಿ ಧೂಳು ಮುಗಿದ ಮೇಲೆ ಏರ್ ಫಿಲ್ಟರ್ ತೆಗೆಸಿ ನೋಡಿ. ಹೆದ್ದಾರಿಯಲ್ಲಿ 100ರ ಬದಲು 80ರಲ್ಲಿ ಹೋದರೆ ಎತ್ತರದ ಕಾರಿಗಂತೂ ಬಹಳ ಉಳಿಯುತ್ತದೆ. ಮಂತ್ರಾಲಯಕ್ಕೆ ಹೋಗುವಾಗ ಈ ಕಡೆಯೇ ಟ್ಯಾಂಕ್ ತುಂಬಿಸಿಕೊಳ್ಳಿ, ಆಂಧ್ರದಲ್ಲಿ ಪೆಟ್ರೋಲ್ ನಮ್ಮಲ್ಲಿಗಿಂತ ತುಟ್ಟಿ. ಮೀಟರ್ ಪರದೆಯ ಮೇಲಿನ ಮೈಲೇಜ್ ನಂಬಬೇಡಿ. ಬಂಕಿನ ಗನ್ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಕಿಲೋಮೀಟರ್ ಬರೆದಿಟ್ಟು, ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ಹಾಗೇ ತುಂಬಿಸಿ ಭಾಗಿಸಿದರೆ ನಿಜ ತಿಳಿಯುತ್ತದೆ.

ಟೆಸ್ಟ್ ಡ್ರೈವಿಗೆ ಒಬ್ಬರೇ ಹೋಗಬೇಡಿ. ಅಪ್ಪ-ಅವ್ವ ಇಬ್ಬರನ್ನೂ ಕರೆದುಕೊಂಡು, ಮಧ್ಯಾಹ್ನದ ಬಿಸಿಲಿನಲ್ಲೇ ಹೋಗಿ. ಎಸಿ ಹಾಕಿಸಿ, ಅವ್ವನನ್ನು ಹಿಂದಿನ ಸೀಟಿನಲ್ಲಿ ಎರಡು ಸಲ ಹತ್ತಿಸಿ ಇಳಿಸಿ. ಡಿಸೆಂಬರ್‌ನಲ್ಲಿ ದೊಡ್ಡ ರಿಯಾಯಿತಿ ಕೊಟ್ಟರೆ ಖುಷಿಯಿಂದ ತಗೊಳ್ಳಿ, ಆದರೆ ಆರ್‌ಸಿಯಲ್ಲಿ ತಯಾರಾದ ವರ್ಷ ಹಳೆಯದೇ ಬರುತ್ತದೆ, ಮಾರುವಾಗ ಅದು ಲೆಕ್ಕಕ್ಕೆ ಬರುತ್ತದೆ. ಏಳೆಂಟು ವರ್ಷ ನೀವೇ ಓಡಿಸುವವರಾದರೆ ಅದರ ಚಿಂತೆ ಬಿಡಿ, ರಿಯಾಯಿತಿ ಹಣದಲ್ಲಿ ಎಕ್ಸ್‌ಟೆಂಡೆಡ್ ವಾರಂಟಿ ಹಾಕಿಸಿಕೊಳ್ಳಿ.